ಗೊಂಬೆ ಇಲ್ಲದ, ಬರೀ ಕಾರ್ಡ್ ಇರುವ ಎಕ್ಸ್‌ಪಾನ್ಶನ್ (ಆಟಕ್ಕೆ ಸೇರಿಸುವ ಹೊಸ ಪ್ಯಾಕ್) ಕೊಳ್ಳುವುದು ದುಡ್ಡು ದಂಡ ಅಲ್ವಾ?

ಗದಗದಲ್ಲಿ ನಾಲ್ಕು ಜನ ಸೇರಿ ಗೊಂಬೆ, ಕಾರ್ಡ್ ಎರಡೂ ಇರುವ ವಾರ್‌ಹ್ಯಾಮರ್ ಅಂಡರ್‌ವರ್ಲ್ಡ್ಸ್ ಅನ್ನೋ ಟೇಬಲ್ ಆಟ ಆಡುತ್ತೀರಿ, ಮುಂದೆ ಹೊಸ ವಾರ್‌ಬ್ಯಾಂಡ್ (ಗೊಂಬೆಗಳ ತಂಡ) ಕೊಳ್ಳಬೇಕೋ ಡೆಕ್ (ಕಾರ್ಡ್‌ಗಳ ಕಟ್ಟು) ಕೊಳ್ಳಬೇಕೋ ಅಂತ ಕೇಳಿದ್ದೀರಿ. ಜೊತೆಗೆ "ಬರೀ ಕಾಗದಕ್ಕೆ ದುಡ್ಡು ಕೊಡೋದು ಮೋಸ ಅಲ್ವಾ" ಅಂತ ಸೇರಿಸಿದ್ದೀರಿ. ಮೋಸ ಬೇರೆ ಕಡೆ ಇದೆ. ಹೇಗೆ ಗೊತ್ತು ಅಂದರೆ, ಮೂರು ಕಾರ್ಡ್‌ಗಾಗಿ ನೂರು ಡಾಲರ್‌ನ ಪೆಟ್ಟಿಗೆ ತರಿಸಿದವನು ನಾನು.

2015ರ ಮಾತು. ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆಯಲ್ಲಿ ಸ್ಟಾರ್ ವಾರ್ಸ್ ಎಕ್ಸ್-ವಿಂಗ್ ಆಡುತ್ತಿದ್ದೆವು. ಆ ಆಟ 2012ರಲ್ಲಿ ಬಂದದ್ದು. ಬಣ್ಣ ಹಚ್ಚಿದ ಪುಟ್ಟ ಶಿಪ್‌ಗಳು, ಪ್ರತಿಯೊಂದಕ್ಕೂ ಒಂದು ಡಯಲ್. ಯಾವ ಕಡೆ ಎಷ್ಟು ಹಾರಬೇಕು ಅಂತ ಡಯಲ್ ತಿರುಗಿಸಿ ಮುಚ್ಚಿಡಬೇಕು, ಆಮೇಲೆ ಒಂದೊಂದಾಗಿ ತೆರೆಯಬೇಕು. ಶಿಪ್, ಕಾರ್ಡ್ ಆರಿಸಿಕೊಳ್ಳಲು ಒಬ್ಬೊಬ್ಬರಿಗೆ ನೂರು ಅಂಕ, ಆಡಲು ಮೂರಡಿ ಚೌಕದ ಜಾಗ. ನಮ್ಮ ಡೈನಿಂಗ್ ಟೇಬಲ್ ಮೇಲೆ ಒಂದು ಪ್ಲೈವುಡ್ ಹಾಸಿದರೆ ಸರಿಯಾಗುತ್ತಿತ್ತು. ಪೈಲಟ್‌ಗೊಂದು ಕಾರ್ಡ್, ಶಿಪ್‌ಗೆ ಸೇರಿಸುವ ಪ್ರತಿ ಅಪ್‌ಗ್ರೇಡ್‌ಗೂ ಒಂದು ಸಣ್ಣ ಕಾರ್ಡ್. ಆ ಸಣ್ಣ ಕಾರ್ಡ್‌ಗಳು ಬಿಡಿಯಾಗಿ ಸಿಗುತ್ತಿರಲಿಲ್ಲ. ಯಾವುದೋ ಶಿಪ್‌ನ ಪೆಟ್ಟಿಗೆಯಲ್ಲಿ ಕೂತಿರುತ್ತಿದ್ದವು.

ನಾನು ಸ್ಟಾರ್ ವಾರ್ಸ್‌ನ ಖಳನಾಯಕ ವೇಡರ್‌ನ ಹುಚ್ಚ. ಅವನ ಶಿಪ್ ಟೈ ಅಡ್ವಾನ್ಸ್ಡ್, ಆಟ ಶುರುವಾದಾಗಿನಿಂದ ಇದ್ದದ್ದು. ಹೆಸರು ದೊಡ್ಡದು, ಹೊಡೆತ ಸಣ್ಣದು. ದಾಳಿಗೆ ಎರಡೇ ದಾಳ. ಅಂಕ ಮಾತ್ರ ಜಾಸ್ತಿ, ವೇಡರ್ ಕೂತರೆ ಇಪ್ಪತ್ತೊಂಬತ್ತು. ಪ್ರತಿ ಭಾನುವಾರ ಸೋಲುತ್ತಿದ್ದೆ. ಆ ವರ್ಷ ಇದಕ್ಕೆ ಮದ್ದು ಬಂತು. ಎಕ್ಸ್1 ಅನ್ನೋ ಟೈಟಲ್ ಕಾರ್ಡ್, ಜೊತೆಗೆ ಟಾರ್ಗೆಟಿಂಗ್ ಕಂಪ್ಯೂಟರ್ ಕಾರ್ಡ್. ಕಂಪ್ಯೂಟರ್‌ನ ಬೆಲೆ ಐದು ಅಂಕ, ಟೈಟಲ್ ಅದರಲ್ಲಿ ನಾಲ್ಕು ಕಳೆಯುತ್ತೆ. ಅಂದರೆ ಒಂದೇ ಅಂಕಕ್ಕೆ, ಟಾರ್ಗೆಟ್ ಲಾಕ್ (ಎದುರಿನ ಶಿಪ್ ಮೇಲೆ ಹಿಡಿದಿಟ್ಟ ಗುರಿ) ಇದ್ದಾಗೆಲ್ಲ ದಾಳಿಗೆ ಒಂದು ಕ್ರಿಟಿಕಲ್, ಅಂದರೆ ಜೋರು ಹೊಡೆತ ಪುಕ್ಕಟೆ. ಸತ್ತ ಶಿಪ್‌ಗೆ ಜೀವ ಬಂದಂತೆಯೇ. ಆದರೆ ಆ ಕಾರ್ಡ್‌ಗಳನ್ನು ಇಟ್ಟದ್ದು ಎಲ್ಲಿ? ಇಂಪೀರಿಯಲ್ ರೇಡರ್ ಪೆಟ್ಟಿಗೆಯಲ್ಲಿ. ಎರಡು ಸ್ಟ್ಯಾಂಡ್ ಮೇಲೆ ನಿಲ್ಲುವ ದೈತ್ಯ ಹಡಗು, ಬೆಲೆ ನೂರು ಡಾಲರ್. ಎಂಪರರ್ ಪಾಲ್ಪಟೀನ್ ಕಾರ್ಡ್ ಕೂಡ ಅದರಲ್ಲೇ. ಅದು ಸಿಕ್ಕರೆ ದಾಳ ನಮ್ಮ ಮಾತು ಕೇಳುತ್ತೆ ಅಂತ ಆಗ ಎಲ್ಲರೂ ಹೇಳುತ್ತಿದ್ದರು.

ತರಿಸಿದೆ. ಹೊರದೇಶದ ಅಂಗಡಿ, ಸಾಗಣೆ ಖರ್ಚು, ಅದರ ಮೇಲೆ ಸುಂಕ. ಪೆಟ್ಟಿಗೆ ನೋಡಿ ಅವ್ವ "ಮಿಕ್ಸರ್ ತರಿಸಿದಿ ಏನು?" ಅಂದರು.

ತಪ್ಪು ಯಾವುದು ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಕೇಳಿದವರೆಲ್ಲ ಬೇರೆ ಏನೋ ತಿಳಿದುಕೊಳ್ಳುತ್ತಾರೆ. ದುಬಾರಿ ಸಾಮಾನು ಕೊಂಡದ್ದು ತಪ್ಪಲ್ಲ. ಶೋಕಿ ಅಂದಮೇಲೆ ದುಡ್ಡು ಹೋಗುತ್ತೆ. ರೇಡರ್ ಕೆಟ್ಟ ಮಾಡೆಲ್ ಕೂಡ ಅಲ್ಲ, ಬಹಳ ಚಲೋ ಇದೆ. ಆ ಹಡಗನ್ನು ಆಡಿಸಲು ಆರಡಿ ಉದ್ದದ ಜಾಗ, ಮುನ್ನೂರು ಅಂಕದ ಆಟ ಬೇಕು ಅನ್ನೋದು ನನಗೆ ಗೊತ್ತೇ ಇತ್ತು, ಹಾಗಾಗಿ ಮೋಸ ಹೋದೆ ಅಂತಲೂ ಹೇಳಲಾರೆ. ತಪ್ಪು ನಡೆದದ್ದು ಅದಕ್ಕೂ ಮುಂಚೆ. ನಮ್ಮ ಗುಂಪಿನಲ್ಲಿ ಇಂಟರ್‌ಸೆಪ್ಟರ್ ಅನ್ನೋ ಶಿಪ್ ಹಾರಿಸುವ ಗೆಳೆಯನೊಬ್ಬ ಇದ್ದ. ಅವನಿಗೆ ಆಟೋಥ್ರಸ್ಟರ್ಸ್ ಕಾರ್ಡ್ ಬೇಕಿತ್ತು. ಅದು ಬರುತ್ತಿದ್ದದ್ದು ಸ್ಟಾರ್‌ವೈಪರ್ ಪೆಟ್ಟಿಗೆಯಲ್ಲಿ, ಆ ಶಿಪ್ ಅವನ ಪಕ್ಷದ್ದೇ ಅಲ್ಲ. ಅವನು ಏನು ಮಾಡಿದ? ಮನೆಯಲ್ಲಿದ್ದ ಹಳೇ ಲಗ್ನಪತ್ರಿಕೆಯನ್ನು ಅಳತೆಗೆ ಕತ್ತರಿಸಿ, ಹಿಂದೆ ಪೆನ್ನಿನಲ್ಲಿ ಕಾರ್ಡ್‌ನ ಮಾತುಗಳನ್ನು ಬರೆದುಕೊಂಡು ಬಂದ. ನಾನು ಒಪ್ಪಲಿಲ್ಲ. ಟೂರ್ನಮೆಂಟ್ ನಿಯಮದ ಪಿಡಿಎಫ್ ತೆಗೆದು, ಅಸಲಿ ಕಾರ್ಡ್ ಇಲ್ಲದಿದ್ದರೆ ಬಳಸುವ ಹಾಗಿಲ್ಲ ಅಂತ ಓದಿ ಹೇಳಿದೆ.

"ಲೇ ದೋಸ್ತ, ಇಲ್ಲೆ ರೆಫ್ರಿ ಯಾರದಾರ? ನಿಮ್ಮವ್ವನ?" ಅಂದ.

ಆಗಲೇ ನಕ್ಕು ಬಿಟ್ಟುಬಿಡಬೇಕಿತ್ತು. ಹುಬ್ಬಳ್ಳಿಯಲ್ಲಿ ಟೂರ್ನಮೆಂಟ್ ಎಲ್ಲಿತ್ತು? ಆ ಆಟ ಗೊತ್ತಿದ್ದವರು ನಾವಷ್ಟೇ, ನಾವೆಲ್ಲ ಒಂದೇ ಟೇಬಲ್ ಸುತ್ತ ಕೂತಿದ್ದೆವು. ಬಹುಮಾನಕ್ಕೆ ಆಡುವವರಿಗಾಗಿ ಬರೆದ ನಿಯಮವನ್ನು ನಮ್ಮ ಡೈನಿಂಗ್ ಟೇಬಲ್‌ಗೆ ತಂದೆ. ಒಮ್ಮೆ ತಂದ ಮೇಲೆ ಅದು ನನಗೂ ಅಂಟಿತು. ಎಕ್ಸ್1 ಕಾರ್ಡ್ ನನಗೆ ಬೇಕಾದಾಗ ಲಗ್ನಪತ್ರಿಕೆ ಕತ್ತರಿಸಲು ಯಾವ ಮುಖ? ಹಾಗಾಗಿ ರೇಡರ್ ತರಿಸಿದೆ. ಕಾರ್ಡ್ ಮೇಲಿದ್ದ ಮಾತುಗಳು ನೆಟ್‌ನಲ್ಲಿ ಎಲ್ಲರಿಗೂ ಕಾಣುತ್ತಿದ್ದವು. ನನಗೆ ಬಾಯಿಪಾಠವೇ ಆಗಿತ್ತು. ನನಗೆ ಗೊತ್ತಿರುವ ಎರಡು ಸಾಲನ್ನು ನಾನೇ ಬಳಸಲು ನನಗೇ ಅಪ್ಪಣೆ ಕೊಳ್ಳಲು ಅಷ್ಟು ದುಡ್ಡು ಸುರಿದೆ. ಆಮೇಲೆ ಒಂದಷ್ಟು ದಿನ ವೇಡರ್ ಗೆದ್ದ. ಇಂಟರ್‌ಸೆಪ್ಟರ್ ಗೆಳೆಯ ಬರೋದು ಬಿಟ್ಟ. ಯಾಕೆ ಅಂತ ನಾನು ಕೇಳಲಿಲ್ಲ, ಗೊತ್ತಿತ್ತು.

2018ರಲ್ಲಿ ಎರಡನೇ ಆವೃತ್ತಿ ಬಂತು. ಹಳೇ ಕಾರ್ಡ್ ಒಂದೂ ನಡೆಯದು. ಆದರೆ ಹಳೇ ಶಿಪ್ ನಡೆಯುತ್ತೆ, ಒಂದೊಂದು ಪಕ್ಷಕ್ಕೆ ಒಂದು ಕನ್ವರ್ಷನ್ ಕಿಟ್ ಕೊಂಡರೆ. ಕಿಟ್‌ನಲ್ಲಿ ಕಾರ್ಡ್, ಡಯಲ್, ರಟ್ಟಿನ ಬಿಲ್ಲೆಗಳು. ಶಿಪ್ ಒಂದೂ ಇಲ್ಲ. ಬೆಲೆ ಸುಮಾರು ಐವತ್ತು ಡಾಲರ್. ನಾನು ನಿಮ್ಮ ಹಾಗೇ ಕೂಗಾಡಿದೆ, ರಟ್ಟಿಗೆ ಐವತ್ತು ಡಾಲರ್‌ ಏನ್ರೀ ಅಂತ. ಗೋಕುಲ ರಸ್ತೆಯ ಹತ್ತಿರ ಇರುವ ಇನ್ನೊಬ್ಬ ಗೆಳೆಯ ಕಾಗದ ತೆಗೆದು ಲೆಕ್ಕ ಬರೆದ. ಕಪಾಟಿನಲ್ಲಿರುವ ನಿನ್ನ ಶಿಪ್‌ಗಳನ್ನೆಲ್ಲ ಹೊಸ ಪೆಟ್ಟಿಗೆಯಲ್ಲಿ ಮತ್ತೆ ಕೊಂಡರೆ ಎಷ್ಟು, ಕಿಟ್‌ಗೆ ಎಷ್ಟು. ವೇಡರ್‌ನ ಪಕ್ಷವಾದ ಸಾಮ್ರಾಜ್ಯದ ಕಿಟ್ ಒಂದರಿಂದಲೇ ನನ್ನ ಕಪಾಟು ಪೂರ್ತಿ ಎದ್ದು ನಿಂತಿತು. ಅದಕ್ಕೂ ಒಂದು ಕೊರತೆ ಇತ್ತು. ನನ್ನ ಹತ್ತಿರ ಇಲ್ಲದ ಎಷ್ಟೋ ಶಿಪ್‌ನ ಕಾರ್ಡ್‌ಗಳೂ ಅದರಲ್ಲಿ ಇದ್ದವು, ಅವಕ್ಕೂ ಸೇರಿಸಿಯೇ ದುಡ್ಡು. ರೇಡರ್‌ನಂಥ ದೊಡ್ಡ ಹಡಗುಗಳಂತೂ ತಮ್ಮದೇ ಕಿಟ್‌ಗೆ 2019ರವರೆಗೆ ಕಾಯಬೇಕಾಯಿತು.

ಆದರೆ ಆ ಆವೃತ್ತಿಯ ಜಾಣತನ ಬೇರೆ. ಅಂಕಗಳನ್ನು ಕಾರ್ಡ್ ಮೇಲೆ ಅಚ್ಚು ಹಾಕಲೇ ಇಲ್ಲ. ಆ್ಯಪ್‌ನಲ್ಲಿ, ಪಿಡಿಎಫ್‌ನಲ್ಲಿ ಇಟ್ಟರು. 2019ರ ಜನವರಿಯಲ್ಲೇ ಅಂಕ ಬದಲಾದವು. ಯಾವ ಶಿಪ್ ಸೊರಗಿತ್ತೋ ಅದರ ಬೆಲೆ ಇಳಿಸಿದರೆ ಸಾಕು, ನೂರು ಡಾಲರ್‌ನ ಮದ್ದು ಬೇಡ. 2020ರಲ್ಲಿ ಹಾಟ್‌ಶಾಟ್ಸ್ ಆ್ಯಂಡ್ ಏಸಸ್ ಅಂತ ಬರೀ ಕಾರ್ಡ್‌ನ ಪ್ಯಾಕ್ ಬಂತು. ಇರುವ ಶಿಪ್‌ಗಳಿಗೇ ಹೊಸ ಪೈಲಟ್‌ಗಳು. ಇದನ್ನು 2015ರಲ್ಲೇ ಮಾಡಿದ್ದರೆ ನನ್ನ ಮನೆಯಲ್ಲಿ ಜಗಳ ಆಗುತ್ತಿರಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವೇ ಸರಿ ಇಲ್ಲ ಅನ್ನುತ್ತೇನೆ. ಕಾಗದಕ್ಕೆ ದುಡ್ಡು ನೀವು ಹೇಗಿದ್ದರೂ ಕೊಡುತ್ತಲೇ ಇದ್ದೀರಿ. ಗೊಂಬೆಯ ಪೆಟ್ಟಿಗೆಯೊಳಗೆ ಕಾರ್ಡ್ ಬಂದರೆ ಅದು ಕಾಣಿಸೋದಿಲ್ಲ, ಅಷ್ಟೇ. ಬಿಡಿಯಾಗಿ ಮಾರಿದಾಗ ಮಾತ್ರ ಬೆಲೆ ಕಣ್ಣಿಗೆ ಬೀಳುತ್ತೆ, ಹೊಟ್ಟೆ ಉರಿಯುತ್ತೆ. ನಿಮ್ಮ ಅಂಡರ್‌ವರ್ಲ್ಡ್ಸ್ ಆಟವನ್ನೇ ನೋಡಿ. 2017ರಲ್ಲಿ ಅದರ ಮೊದಲ ಆವೃತ್ತಿ ಶೇಡ್‌ಸ್ಪೈರ್ ಬಂದಾಗ ಪ್ರತಿ ವಾರ್‌ಬ್ಯಾಂಡ್ ಪೆಟ್ಟಿಗೆಯಲ್ಲೂ ಯಾರು ಬೇಕಾದರೂ ಬಳಸಬಹುದಾದ ಕಾರ್ಡ್‌ಗಳಿದ್ದವು. ಚೆನ್ನಾದ ಡೆಕ್ ಕಟ್ಟಬೇಕು ಅಂದರೆ, ಎಂದೂ ಆಡದ ಗೊಂಬೆಗಳನ್ನೂ ಕೊಳ್ಳಬೇಕು. ನನ್ನ ರೇಡರ್ ಕಥೆಯೇ, ಸಣ್ಣ ಪೆಟ್ಟಿಗೆಗಳಲ್ಲಿ. ಮುಂದೆ ರೈವಲ್ಸ್ ಡೆಕ್ ಬಂದವು. ಮೂವತ್ತೆರಡು ಕಾರ್ಡ್, ಹನ್ನೆರಡು ಗುರಿಯವು (ಪೂರೈಸಿದರೆ ಅಂಕ), ಇಪ್ಪತ್ತು ಶಕ್ತಿಯವು (ಆಡುವಾಗ ನೆರವಾಗೋವು). ಬಿಚ್ಚಿ, ಕಲಸಿ, ಆಡೋದು. 2024ರ ಎಂಬರ್‌ಗಾರ್ಡ್ ಆವೃತ್ತಿಯಲ್ಲಂತೂ ಗೊಂಬೆಯೇ ಬೇರೆ, ಡೆಕ್ಕೇ ಬೇರೆ ಅಂತ ಆಯಿತು. ನೀವು ಮೋಸ ಅಂತಿರೋದು ಹಳೇ ರೋಗಕ್ಕೆ ಕೊಟ್ಟ ಔಷಧಿ.

ಹಾಗಂತ ಕಾರ್ಡ್ ಪ್ಯಾಕ್ ಎಲ್ಲ ಒಳ್ಳೇದು ಅಂತಲ್ಲ. ಎಕ್ಸ್-ವಿಂಗ್‌ನ ಮಜಾ ಇದ್ದದ್ದು ಡಯಲ್‌ನಲ್ಲಿ. ಎದುರಿನವನು ಎಡಕ್ಕೆ ತಿರುಗುತ್ತಾನಾ, ನೇರ ನುಗ್ಗುತ್ತಾನಾ ಅಂತ ಊಹಿಸೋದರಲ್ಲಿ. ಕಾರ್ಡ್ ಜಾಸ್ತಿ ಆದಂತೆ ಆಟ ಮನೆಯಲ್ಲೇ, ಪಟ್ಟಿ ಬರೆಯುವಾಗಲೇ ಮುಗಿದುಹೋಗುತ್ತೆ. ಹೊಸದಾಗಿ ಬಂದವನು ಟೇಬಲ್ ನೋಡಿದರೆ ಅವೇ ಶಿಪ್. ತನಗೆ ಯಾಕೆ ಸೋಲಾಯಿತು ಅಂತ ಅವನಿಗೆ ಅರ್ಥವೇ ಆಗೋದಿಲ್ಲ. ಗೊಂಬೆ ಹೊಸದಾದರೆ ಕಣ್ಣಿಗೆ ಕಾಣುತ್ತೆ, ಕಾರ್ಡ್ ಹೊಸದಾದರೆ ಓದಬೇಕು. ಗುಂಪಿನಲ್ಲಿ ಓದಲು ಬೇಸರಪಡುವವನು ಒಬ್ಬ ಇದ್ದೇ ಇರುತ್ತಾನೆ. ಅವನಿಗೆ ಹೊಸ ವಾರ್‌ಬ್ಯಾಂಡ್ ಕೊಡಿಸಿ, ಬಣ್ಣ ಹಚ್ಚಿಕೊಂಡು ಖುಷಿಯಾಗಿರುತ್ತಾನೆ. ಉಳಿದ ಮೂವರು ಇರುವ ಗೊಂಬೆಗಳಿಗೇ ಡೆಕ್ ಕೊಳ್ಳಿ. ಅಂಡರ್‌ವರ್ಲ್ಡ್ಸ್‌ನಲ್ಲಿ ಗೆಲುವಿನ ಅಂಕ ಬಹುಪಾಲು ಗುರಿ ಕಾರ್ಡ್‌ಗಳಿಂದಲೇ ಬರೋದು. ಡೆಕ್ ಬದಲಾದರೆ ಅದೇ ಗೊಂಬೆ ಬೇರೆ ದಾರಿ ಹಿಡಿಯುತ್ತೆ. ನಿನ್ನೆ ನುಗ್ಗಿ ಹೊಡೆಯುತ್ತಿದ್ದದ್ದು ಇವತ್ತು ಮೂಲೆ ಕಾಯುತ್ತೆ.

ಸುಂಕದ ಲೆಕ್ಕವನ್ನೂ ಹಾಕಿ. ಕಸ್ಟಮ್ಸ್‌ನಲ್ಲಿ ನಿಮ್ಮ ಪೆಟ್ಟಿಗೆಯನ್ನು ಆಟಿಕೆ ಅಂತ ಎಣಿಸಿದರೆ ಕೈ ಸುಡುತ್ತೆ. ಆಟಿಕೆಗಳ ಮೇಲಿನ ಆಮದು ಸುಂಕವನ್ನು 2020ರ ಬಜೆಟ್‌ನಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿದರು. ಡೆಕ್ ಹಗುರ, ಪೆಟ್ಟಿಗೆ ಸಣ್ಣದು, ಸಾಗಣೆಯೂ ಕಡಿಮೆ.

ಇನ್ನು ನೀವು ಗದಗದವರು. ಮುದ್ರಣ ಕಾಶಿಯಲ್ಲಿ ಕೂತು ಕಾರ್ಡ್ ಸಿಗೋದಿಲ್ಲ ಅಂತ ಗೋಳಾಡಬಾರದು. ಲಗ್ನಪತ್ರಿಕೆ ಮಾಡುವ ಯಾವ ಪ್ರೆಸ್‌ಗೆ ಹೋದರೂ 300 ಜಿಎಸ್‌ಎಂ ಆರ್ಟ್ ಕಾರ್ಡ್ ಅನ್ನೋ ದಪ್ಪ ಹಾಳೆ ಇರುತ್ತೆ. ಇಸ್ಪೀಟ್ ಎಲೆಯ ಅಳತೆಯಾದರೆ ಒಂದು ಎ4 ಹಾಳೆಯಲ್ಲಿ ಒಂಬತ್ತು ಕೂರುತ್ತವೆ. ಕೊಂಡ ಡೆಕ್‌ನಲ್ಲಿ ಕಾರ್ಡ್ ಕಳೆದರೆ, ಕೊಳ್ಳುವ ಮುಂಚೆ ಒಂದು ಡೆಕ್ ಹೇಗಿದೆ ಅಂತ ನೋಡಬೇಕೆನಿಸಿದರೆ, ಮನೆಯ ಆಟಕ್ಕೆ ಮಾಡಿಸಿಕೊಳ್ಳಿ. ಮಾರಬೇಡಿ, ಅಷ್ಟೇ. ಎಕ್ಸ್-ವಿಂಗ್‌ಗೆ ಹೊಸದೇನೂ ಬರೋದಿಲ್ಲ ಅಂತ 2024ರಲ್ಲಿ ಪ್ರಕಟಣೆ ಬಂತು. ಈಗ ಅಂಕಗಳನ್ನು ಅಭಿಮಾನಿಗಳ ಗುಂಪುಗಳೇ ನಿರ್ಧರಿಸುತ್ತಿವೆ, ನಾವೂ ಕಾರ್ಡ್ ಅಚ್ಚು ಹಾಕಿಸಿಕೊಂಡೇ ಆಡುತ್ತೇವೆ. ಟೂರ್ನಮೆಂಟ್‌ಗೆ ಅಂತ ಬೆಂಗಳೂರಿಗೆ ಹೋಗೋದಾದರೆ ಮಾತ್ರ ಮೊದಲೇ ನಡೆಸುವವರನ್ನು ಕೇಳಿ, ಅಸಲಿ ಕಾರ್ಡ್ ಒಯ್ಯಿರಿ.

ಒಂದು ವ್ಯತ್ಯಾಸ ನೆನಪಿರಲಿ. ಎಕ್ಸ್-ವಿಂಗ್‌ನಲ್ಲಿ ಅಪ್‌ಗ್ರೇಡ್ ಕಾರ್ಡ್ ಎಲ್ಲರ ಮುಂದೆ ತೆರೆದೇ ಇರುತ್ತೆ, ಕೈಬರಹವಾದರೂ ನಡೆಯುತ್ತೆ. ನಿಮ್ಮದರಲ್ಲಿ ಕಲಸಿ, ಮೇಲಿನಿಂದ ಎತ್ತಬೇಕು. ಪ್ರೆಸ್‌ನ ಕಾರ್ಡ್ ಅಸಲಿಗಿಂತ ಕೂದಲೆಳೆಯಷ್ಟು ದಪ್ಪ ಇದ್ದರೂ ಬೆರಳಿಗೆ ಗೊತ್ತಾಗುತ್ತೆ. ಹಾಗಾಗಿ ಇಡೀ ಡೆಕ್‌ಗೆ ಹಿಂಬದಿ ಕಾಣದ ಪ್ಲಾಸ್ಟಿಕ್ ಸ್ಲೀವ್ ಹಾಕಿ, ಅಸಲಿ ಜೊತೆ ಬೆರಕೆ ಬೇಡ ಅಂದರೆ ಎಲ್ಲವನ್ನೂ ಒಂದೇ ಪ್ರೆಸ್‌ನಲ್ಲಿ ಮಾಡಿಸಿ. ಗಿರ್ಮಿಟ್ ತಿಂದ ಕೈಯಲ್ಲಿ ಮುಟ್ಟಿದರೆ ಸ್ಲೀವ್ ಒರೆಸಿದರಾಯಿತು, ಕಾರ್ಡ್ ಒರೆಸಲು ಆಗೋದಿಲ್ಲ.