ಮುಂಬೈಯಲ್ಲಿ ಕನ್ನಡ ಬ್ಯಾಂಡ್ ಮತ್ತು ಡಿಜೆ ನೈಟ್: ಜನ ಸೇರಿಸುವುದು ಹೇಗೆ, ವಿಮರ್ಶೆ ಬರೆಯುವುದು ಯಾರು?

ನೀವು ಕೇಳಿದ್ದು ಎರಡು ವಿಷಯ. ನಿಮ್ಮ ಗೆಳೆಯರ ಕನ್ನಡ ಬ್ಯಾಂಡ್ ಇದೆ, ಜೊತೆಗೆ ಒಬ್ಬ ಡಿಜೆ ಸಿಕ್ಕಿದ್ದಾರೆ, ಅಂಧೇರಿಯ ಸಣ್ಣ ಪಬ್ ಒಂದು ತಿಂಗಳಿಗೊಂದು ಶನಿವಾರ ಕೊಡಲು ಒಪ್ಪಿದೆ. ಜನ ಬರುವಂತೆ ಮಾಡುವುದು ಹೇಗೆ? ಮುಗಿದ ಮೇಲೆ ವಿಮರ್ಶೆಯನ್ನು ನೀವೇ ಬರೆದು ಹಾಕಬಹುದಾ? ನಾನು ಮುಲುಂಡ್‌ನಲ್ಲಿರುವವನು. ಇಂಥ ನೈಟ್‌ಗಳಿಗೆ ಪ್ರಚಾರದ ಕೆಲಸ ಮಾಡಿದ್ದೇನೆ, ಬೇರೆಯವರ ನೈಟ್‌ಗೆ ಹೋಗಿ ಬರೆದದ್ದೂ ಇದೆ. ಒಂದೇ ಕಾರ್ಯಕ್ರಮಕ್ಕೆ ಎರಡನ್ನೂ ಮಾಡುವುದಿಲ್ಲ.

ಪೋಸ್ಟರ್ ಆಮೇಲೆ. ಮೊದಲು ರೈಲು. ನಿಮ್ಮ ಕೇಳುಗರು ಅಂಧೇರಿಯಲ್ಲಿ ಇಲ್ಲ. ಅವರು ಡೊಂಬಿವಲಿ, ಮುಲುಂಡ್, ಭಾಂಡುಪ್, ಮೀರಾ ರೋಡ್, ನೆರೂಲ್ ಕಡೆ ಇದ್ದಾರೆ. ಮಧ್ಯ ರೈಲ್ವೆ ಕಡೆಯವರು ಘಾಟ್ಕೋಪರ್‌ಗೆ ಬಂದು ಮೆಟ್ರೋ ಹಿಡಿಯುತ್ತಾರೆ. ಆ ವರ್ಸೋವಾ–ಘಾಟ್ಕೋಪರ್ ಮೆಟ್ರೋ 2014ರಲ್ಲಿ ಶುರುವಾದ ಮೇಲೆಯೇ ಅಂಧೇರಿ ನಮಗೆ ಹತ್ತಿರವಾದದ್ದು. ಆದರೆ ಅದು ಲೋಕಲ್‌ಗಿಂತ ಮೊದಲೇ ನಿಲ್ಲುತ್ತದೆ. ಲೋಕಲ್ ಕೂಡ ಮಧ್ಯರಾತ್ರಿ ದಾಟಿ ಸ್ವಲ್ಪ ಹೊತ್ತಿಗೆ ನಿಂತರೆ ಮತ್ತೆ ಬೆಳಗಿನ ಜಾವವೇ. ಪಬ್‌ನವರು ಹೇಳುವ ಲೆಕ್ಕ ಬೇರೆ: ಒಂಬತ್ತಕ್ಕೆ ಬ್ಯಾಂಡ್, ಹನ್ನೊಂದಕ್ಕೆ ಡಿಜೆ. ಹಾಗೆ ಮಾಡಿದರೆ ಡಿಜೆ ಮೊದಲ ಹಾಡು ಹಾಕುವ ಹೊತ್ತಿಗೆ ಡೊಂಬಿವಲಿಯವರು ಬ್ಯಾಗ್ ಎತ್ತಿಕೊಂಡು ನಿಂತಿರುತ್ತಾರೆ. ಹಠ ಮಾಡಿ ಬ್ಯಾಂಡ್ ಅನ್ನು ಏಳೂವರೆಗೆ ಇಡಿಸಿ, ಡಿಜೆ ಒಂಬತ್ತೂಕಾಲಕ್ಕೆ. ಪೋಸ್ಟರ್ ಮೇಲೆ ಶುರುವಾಗುವ ಹೊತ್ತಿನ ಜೊತೆ ಮುಗಿಯುವ ಹೊತ್ತೂ ಹಾಕಿ. "ಹತ್ತೂ ಮುಕ್ಕಾಲಿಗೆ ಮುಗಿಯುತ್ತದೆ, ಮೆಟ್ರೋ ಸಿಗುತ್ತದೆ" ಅನ್ನುವ ಒಂದು ಸಾಲು ಎಷ್ಟೋ ಮನೆಗಳಲ್ಲಿ ಹೋಗಬೇಕೋ ಬೇಡವೋ ಅನ್ನುವ ಚರ್ಚೆಯನ್ನೇ ಮುಗಿಸುತ್ತದೆ.

ತಾರೀಖು ಆರಿಸುವಾಗ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂರಿ. ಐಪಿಎಲ್ ಇದ್ದರೆ, ಅದರಲ್ಲೂ ಮುಂಬೈ ಆಟ ಇದ್ದರೆ, ಪಬ್‌ನವರು ನಿಮ್ಮ ಗಾಯಕರ ತಲೆಯ ಮೇಲಿನ ಟಿವಿ ಆರಿಸುವುದಿಲ್ಲ. ಮೇ ತಿಂಗಳಲ್ಲಿ ಅರ್ಧ ಜನ ಊರಿಗೆ ಹೋಗಿರುತ್ತಾರೆ. ಮಳೆಗಾಲದಲ್ಲಿ ಊರಿನ ಯಕ್ಷಗಾನ ತಂಡಗಳು ಮುಂಬೈಗೆ ಬರುತ್ತವೆ. ಅವು ಆಡುವ ವಾರ ನೀವು ಬೇರೆ ಏನು ಮಾಡಿದರೂ ಕರಾವಳಿಯವರು ಆ ಕಡೆಯೇ. ಅದು ಸರಿಯೂ ಹೌದು, ನಾನೂ ಆ ಕಡೆಯೇ. ಗಣೇಶ ಹಬ್ಬ, ನವರಾತ್ರಿ, ಡ್ರೈ ಡೇ ನೋಡಿ. ಹಳಿ ರಿಪೇರಿಗೆ ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಸಾಮಾನ್ಯವಾಗಿ ಭಾನುವಾರ, ಆದರೆ ಕೆಲವೊಮ್ಮೆ ಶನಿವಾರ ರಾತ್ರಿಯೇ ಶುರುವಾಗುತ್ತದೆ. ಅದನ್ನೂ ಒಮ್ಮೆ ನೋಡಿಕೊಳ್ಳಿ. ಹೋಟೆಲ್ ಕೆಲಸದ ಹುಡುಗರನ್ನು ಶನಿವಾರ ಸಂಜೆ ನೆಚ್ಚಿಕೊಳ್ಳಬೇಡಿ. ಅವರಿಗೆ ಅದೇ ಜಾಸ್ತಿ ಕೆಲಸದ ಹೊತ್ತು.

ಇನ್ನು ಪೋಸ್ಟರ್. "ಕನ್ನಡ ನೈಟ್" ಅಂತ ಮಾತ್ರ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಸಿನಿಮಾ ಹಾಡಾ? ಸ್ವಂತ ಹಾಡಾ? ಜನಪದ ರಾಕ್ ಥರದ್ದಾ? ತುಳು ಇದೆಯಾ? ಇಲ್ಲಿ ಕನ್ನಡದವರು ಅಂದರೆ ಒಂದೇ ಗುಂಪಲ್ಲ. ಮಾಟುಂಗಾದ ಹಳೆ ಮೈಸೂರು ಕಡೆಯ ಕುಟುಂಬ, ಮೀರಾ ರೋಡಿನ ತುಳು ಮನೆ, ಮೊನ್ನೆ ತಾನೇ ಪವಾಯಿಗೆ ಬಂದ ಧಾರವಾಡದ ಇಂಜಿನಿಯರ್, ಮೂವರಿಗೂ ಬೇಕಾದ್ದು ಬೇರೆ ಬೇರೆ. ಹಾಡುವ ಭಾಷೆ, ಸ್ವಂತ ಹಾಡು ಎಷ್ಟು, ಬೇರೆಯವರದ್ದು ಎಷ್ಟು, ಕೂತು ಕೇಳುವುದಾ ಕುಣಿಯುವುದಾ, ಇಷ್ಟು ಹೇಳಿಬಿಡಿ. ಮಕ್ಕಳನ್ನು ಕರೆತರಬಹುದಾ ಅಂತಲೂ. ಮಹಾರಾಷ್ಟ್ರದಲ್ಲಿ ಬಿಯರ್‌ಗೆ 21, ಹಾರ್ಡ್ ಲಿಕ್ಕರ್‌ಗೆ 25 ವರ್ಷ ಆಗಿರಬೇಕು. ಬಾಗಿಲಲ್ಲಿ ಗುರುತಿನ ಚೀಟಿ ಕೇಳಿ ಹತ್ತೊಂಬತ್ತರ ಹುಡುಗಿಯನ್ನು ವಾಪಸ್ ಕಳಿಸಿದರೆ ಅವಳ ಜೊತೆ ಬಂದ ಐದು ಜನರೂ ಹೋಗುತ್ತಾರೆ. ಕವರ್ ಚಾರ್ಜ್ ಇದ್ದರೆ ಅದನ್ನು ಊಟದ ಬಿಲ್‌ನಲ್ಲಿ ಕಳೆಯುತ್ತಾರಾ ಇಲ್ಲವಾ ಬರೆಯಿರಿ. ನಮ್ಮವರು ದುಡ್ಡು ಕೊಡುತ್ತಾರೆ, ಆದರೆ ಬಿಲ್ ಬಂದಾಗ ಹೊಸ ಸಾಲು ಕಂಡರೆ ಮುಂದಿನ ತಿಂಗಳು ಬರುವುದಿಲ್ಲ.

ಲಿಪಿ ಎರಡು ಇರಲಿ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಮನೆಯಲ್ಲಿ ಜಗಳವನ್ನೂ ಅದರಲ್ಲೇ ಆಡುತ್ತಾರೆ, ಆದರೆ ತುಂಬ ಜನರಿಗೆ ಓದಲು ಬರುವುದಿಲ್ಲ. ಮಹಾನಗರ ಪಾಲಿಕೆಯ ಕನ್ನಡ ಶಾಲೆಗಳಲ್ಲಿ ಕಲಿತ ಹಿಂದಿನ ತಲೆಮಾರಿಗೆ ಕನ್ನಡ ಅಕ್ಷರ ಬೇಕು, ಅವರ ಮಕ್ಕಳಿಗೆ ಇಂಗ್ಲಿಷ್ ಅಕ್ಷರ ಬೇಕು.

ಹಂಚುವುದು ಎಲ್ಲಿ? ಇನ್‌ಸ್ಟಾಗ್ರಾಮ್‌ನಲ್ಲಿ ದುಡ್ಡು ಕೊಟ್ಟು ಜಾಹೀರಾತು ಹಾಕುವುದು ಮೊದಲ ತಿಂಗಳಿಗೆ ದಂಡ ಅಂತ ನನ್ನ ಅಭಿಪ್ರಾಯ. ನಮ್ಮವರು ಇರುವುದು ವಾಟ್ಸಾಪ್‌ನಲ್ಲಿ: ಸಂಘದ ಗ್ರೂಪ್, ಊರಿನ ಗ್ರೂಪ್, ಜಾತಿಯ ಗ್ರೂಪ್, ಬಿಲ್ಡಿಂಗ್ ಗ್ರೂಪ್. ಅಲ್ಲಿ ನೀವೇ ನುಗ್ಗಿ ಪೋಸ್ಟರ್ ಎಸೆದರೆ ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಮುಳುಗುತ್ತದೆ. ಗ್ರೂಪಿನಲ್ಲಿ ಎಲ್ಲರೂ ಮಾತು ಕೇಳುವ ಒಬ್ಬ ಅಕ್ಕ ಇರುತ್ತಾರೆ ನೋಡಿ, ಅವರಿಗೆ ಫೋನ್ ಮಾಡಿ. ಪ್ರಾಕ್ಟೀಸ್‌ನ ಅರ್ಧ ನಿಮಿಷದ ವಿಡಿಯೋ ಕಳಿಸಿ, ಇಷ್ಟವಾದರೆ ಮಾತ್ರ ಹಾಕಿ ಅನ್ನಿ. ಪೋಸ್ಟರ್‌ಗಿಂತ ಆ ವಿಡಿಯೋ ಜಾಸ್ತಿ ಕೆಲಸ ಮಾಡುತ್ತದೆ. ಹಿರಿಯರು ಬೇಕಿದ್ದರೆ ಇಲ್ಲಿಂದಲೇ ಬರುವ ಕರ್ನಾಟಕ ಮಲ್ಲ ಪತ್ರಿಕೆಗೆ ಒಂದು ಸಣ್ಣ ಸುದ್ದಿ ಕೊಡಿ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮ್ ಕಡೆಯ ಕರ್ನಾಟಕ ಸಂಘ, ಇಲ್ಲೆಲ್ಲ ಕಾರ್ಯಕ್ರಮ ಮುಗಿದು ಜನ ಹೊರಗೆ ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತು ನಾಲ್ಕು ಮಾತಾಡಿದರೂ ಸಾಕು. ಸ್ವಲ್ಪ ಮುಜುಗರ ಆಗುತ್ತದೆ. ಆಗಲಿ. ಟಿಕೆಟ್ ಬುಕ್‌ಮೈಶೋದಲ್ಲೋ ಡಿಸ್ಟ್ರಿಕ್ಟ್ ಆ್ಯಪ್‌ನಲ್ಲೋ ಇಡಿ, ಬಾಗಿಲಲ್ಲಿ ಯುಪಿಐಗೂ ಜಾಗ ಇರಲಿ.

ಲೈಸೆನ್ಸ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬ್ಯಾಂಡ್ ಬೇರೆಯವರ ಹಾಡು ಹಾಡಿದರೆ ಸಾಹಿತ್ಯ, ಸಂಗೀತದ ಹಕ್ಕಿಗೆ ಐಪಿಆರ್‌ಎಸ್ ಅನ್ನುವ ಸಂಸ್ಥೆಯ ಲೈಸೆನ್ಸ್ ಬೇಕು. ಡಿಜೆ ರೆಕಾರ್ಡ್ ಆದ ಹಾಡು ಹಾಕುವುದರಿಂದ ಅದರ ಜೊತೆ ರೆಕಾರ್ಡಿಂಗ್‌ನ ಹಕ್ಕೂ ಬೇಕು. ಅದನ್ನು ಪಿಪಿಎಲ್‌ನಂಥ ಸಂಸ್ಥೆಗಳು ಕೊಡುತ್ತವೆ. ಎಲ್ಲ ಆಡಿಯೋ ಕಂಪನಿಗಳೂ ಒಂದೇ ಕಡೆ ಸಿಗುವುದಿಲ್ಲ. ಡಿಜೆಯ ಹಾಡಿನ ಪಟ್ಟಿ ಹಿಡಿದು ಯಾವ ಕಂಪನಿ ಯಾರ ಹತ್ತಿರ ಇದೆ ಅಂತ ಕೇಳಬೇಕು. ಪಬ್ ಹತ್ತಿರ ಏನೇನು ಇದೆ, ಪೊಲೀಸ್ ಅನುಮತಿ ಸೇರಿದಂತೆ, ಕಾಗದ ನೋಡಿಯೇ ಒಪ್ಪಿಕೊಳ್ಳಿ. "ಎಲ್ಲ ಇದೆ ಬಾಸ್" ಅನ್ನುವ ಮಾತು ಕಾಗದ ಅಲ್ಲ. ಇನ್ನೊಂದು: ಟೆರೇಸ್ ಮೇಲೆ ಇಡೋಣ ಅಂತ ಅವರು ಆಸೆ ತೋರಿಸಬಹುದು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ತೆರೆದ ಜಾಗದಲ್ಲಿ ಲೌಡ್‌ಸ್ಪೀಕರ್ ಇಲ್ಲ. ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ 12ರ ತನಕ ಬಿಡಬಹುದು, ಆ ದಿನಗಳು ಹಬ್ಬಗಳಿಗೇ ಹೋಗುತ್ತವೆ. ಒಳಗಿನ ಹಾಲ್ ಆರಿಸಿ.

ಈಗ ವಿಮರ್ಶೆಗೆ ಬರೋಣ. ನನಗೆ ಆಸಕ್ತಿ ಇರುವುದೇ ಇದರಲ್ಲಿ.

ನಮ್ಮ ಕಡೆ ಬರುವ ವಿಮರ್ಶೆಗಳಲ್ಲಿ ಹೆಚ್ಚಿನವು ಮದುವೆಮನೆಯ ವಂದನಾರ್ಪಣೆ ಥರ ಇರುತ್ತವೆ. ಎಲ್ಲರ ಹೆಸರೂ ಇರುತ್ತದೆ, ಎಲ್ಲರೂ ಅದ್ಭುತ, ಸಂಜೆ ಅವಿಸ್ಮರಣೀಯ. ಓದಿದವರಿಗೆ ಮುಂದಿನ ತಿಂಗಳು ಹೋಗಬೇಕಾ ಬೇಡವಾ ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಮೊದಲ ತಿಂಗಳು ಗೆಳೆಯರು ಹೇಗೂ ಬರುತ್ತಾರೆ. ಮೂರನೇ ತಿಂಗಳು ಬರಬೇಕಾದವರು ಗುರುತಿಲ್ಲದವರು. ಅವರು ಬರುವುದು ಬೇರೆ ಯಾರೋ ನಿಜ ಹೇಳಿದ್ದಾರೆ ಅಂತ ಅನ್ನಿಸಿದರೆ ಮಾತ್ರ.

ನಾನು ಬರೆಯಲು ಹೋದಾಗ ಒಂದೇ ಕಡೆ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತು ಸೌಂಡ್ ಮಿಕ್ಸರ್ ಹತ್ತಿರ, ಸ್ವಲ್ಪ ಹೊತ್ತು ಬಾರ್ ಹತ್ತಿರ, ಒಂದು ಹಾಡು ಗೋಡೆಗೆ ಒರಗಿ. ಬಾಸ್, ಅಂದರೆ ಕೆಳಗಿನ ದಪ್ಪ ದನಿ, ಗೋಡೆ ಮತ್ತು ಮೂಲೆಗಳಲ್ಲಿ ಜಾಸ್ತಿ ಗುಂಯ್ ಅನ್ನುತ್ತದೆ. ಅಲ್ಲಿ ಕೂತವರಿಗೆ ಹಾಡಿನ ಮಾತು ಕೇಳಿಸುವುದೇ ಇಲ್ಲ. ಸೌಂಡ್ ಚೆಕ್ ಮಾಡುವಾಗ ಹಾಲ್ ಖಾಲಿ ಇರುತ್ತದೆ, ದನಿ ಚೂಪಾಗಿ ಕೇಳುತ್ತದೆ. ಜನ ತುಂಬಿದ ಮೇಲೆ ಮೈ, ಬಟ್ಟೆ ಎಲ್ಲ ಆ ಚೂಪು ದನಿಯನ್ನು ಹೀರಿಕೊಳ್ಳುತ್ತವೆ, ಗಾಯಕಿಯ ಸ್ವರ ಮಂಕಾಗುತ್ತದೆ. ಒಳ್ಳೆಯ ಸೌಂಡ್ ಇಂಜಿನಿಯರ್ ಎರಡನೇ ಹಾಡಿನಲ್ಲೇ ಇದನ್ನು ಸರಿ ಮಾಡುತ್ತಾರೆ. ಮಾಡಿದರೆ ಅವರ ಹೆಸರು ಹಾಕಿ ಬರೆಯಬೇಕು. ಯಾರೂ ಬರೆಯುವುದಿಲ್ಲ. ಸ್ವಂತ ಹಾಡು ಹಾಡುವ ಬ್ಯಾಂಡ್‌ಗೆ ಇದು ಜೀವನ್ಮರಣದ ಪ್ರಶ್ನೆ. ಗೊತ್ತಿರುವ ಸಿನಿಮಾ ಹಾಡಾದರೆ ಮಾತು ಕೇಳಿಸದಿದ್ದರೂ ಜನ ತಾವೇ ಹಾಡಿಕೊಳ್ಳುತ್ತಾರೆ. ಹೊಸ ಹಾಡಿನ ಮಾತು ಕೇಳಿಸದಿದ್ದರೆ ಅಲ್ಲಿಗೆ ಮುಗಿಯಿತು.

ಡಿಜೆ ವಿಷಯದಲ್ಲಿ ನೋಡಬೇಕಾದ್ದು ಬೇರೆ. ನಮ್ಮ ಕುಣಿತದ ಹಾಡುಗಳಲ್ಲಿ ಬಹಳಷ್ಟು 6/8 ನಡೆಯವು, ಅಂದರೆ ಒಂದು ಸುತ್ತಿಗೆ ಆರು ಸಣ್ಣ ಪೆಟ್ಟು, ಮೂರು ಮೂರರ ಎರಡು ಗುಂಪು. ಹುಲಿವೇಷದ ತಾಸೆ ಪೆಟ್ಟು, ಸಿನಿಮಾದ ಟಪ್ಪಾಂಗುಚ್ಚಿ, ಈ ಊರಿನ ಕೋಳಿ ಮೀನುಗಾರರ ಹಾಡು, ಗಣಪತಿ ಮೆರವಣಿಗೆಯ ವಾದ್ಯತಂಡ ಬೆಂಜೋ ಪಾರ್ಟಿ, ಎಲ್ಲದರಲ್ಲೂ ಆ ಓಟ ಸಿಗುತ್ತದೆ. ಡಿಜೆಗಳು ಹಾಕುವ ಹೌಸ್ ಸಂಗೀತ 4/4, ಸುತ್ತಿಗೆ ನಾಲ್ಕು ಪೆಟ್ಟು. ನಿಮಿಷಕ್ಕೆ 120ರಿಂದ 130 ಪೆಟ್ಟು, ಒಂದೇ ಸಮನೆ ಕಿಕ್ ಡ್ರಮ್. ಒಂದರಿಂದ ಇನ್ನೊಂದಕ್ಕೆ ಸುಮ್ನೆ ಫೇಡರ್ ಎಳೆದರೆ ಫ್ಲೋರ್ ಖಾಲಿ. ಕಾಲು ಒಂದು ಲೆಕ್ಕ ಹಿಡಿದಿರುತ್ತದೆ, ಹಾಡು ಇನ್ನೊಂದು ಹೇಳುತ್ತದೆ. ಕೆಲಸ ಗೊತ್ತಿರುವ ಡಿಜೆ 6/8ರ ಎರಡು ದೊಡ್ಡ ಪೆಟ್ಟುಗಳನ್ನು ಕಿಕ್‌ನ ಪೆಟ್ಟಿಗೆ ಸರಿ ಹೊಂದಿಸಿ, ನಡುವೆ ಬರೀ ಚರ್ಮವಾದ್ಯದ ಲೂಪ್ ಓಡಿಸಿ ದಾಟಿಸುತ್ತಾರೆ. ನಿಮ್ಮ ಬ್ಯಾಂಡ್‌ನಲ್ಲಿ ಡೋಲು ಅಥವಾ ತಾಸೆ ಬಾರಿಸುವವರು ಇದ್ದರೆ ಅವರನ್ನು ಡಿಜೆ ಪಕ್ಕ ಒಂದೆರಡು ನಿಮಿಷ ನಿಲ್ಲಿಸಿ. ಬ್ಯಾಂಡ್ ಇಳಿದು ಡಿಜೆ ಹತ್ತುವ ಆ ಹೊತ್ತಿನಲ್ಲೇ ಜನ ಸಿಗರೇಟಿಗೆ, ಫೋನಿಗೆ, ಮನೆಗೆ ಹೊರಡುವುದು. ಅದನ್ನು ದಾಟಿಸಿದರೋ ಇಲ್ಲವೋ ಅಂತ ವಿಮರ್ಶೆಯಲ್ಲಿ ಬರದಿದ್ದರೆ ಬರೆದವರು ಅಲ್ಲಿ ಇರಲಿಲ್ಲ ಅಂತಲೇ ನನ್ನ ಅನುಮಾನ.

ಸಂಗೀತ ಬಿಟ್ಟು ಬೇರೆಯದ್ದೂ ಬರೆಯಬೇಕು. ಹೇಳಿದ ಹೊತ್ತಿಗೆ ಶುರುವಾಯಿತಾ? ಒಬ್ಬಳೇ ಬಂದ ಹುಡುಗಿ ನೆಮ್ಮದಿಯಾಗಿ ಕೂರಬಹುದಾ? ಹೊರಗೆ ಹೋಗುವ ಎರಡನೇ ಬಾಗಿಲು ಎಲ್ಲಿದೆ, ಅದರ ಮುಂದೆ ಸ್ಪೀಕರ್ ಡಬ್ಬಗಳನ್ನು ಪೇರಿಸಿದ್ದಾರಾ? 2017ರ ಡಿಸೆಂಬರ್ 29ರಂದು ಲೋವರ್ ಪರೇಲ್‌ನ ಕಮಲಾ ಮಿಲ್ಸ್ ಆವರಣದ ಮಾಳಿಗೆ ಪಬ್‌ಗಳಿಗೆ ಬೆಂಕಿ ಬಿದ್ದು 14 ಜನ ಸತ್ತರು. ಆಮೇಲೆ ನಾನು ಯಾವ ಪಬ್‌ಗೆ ಹೋದರೂ ಮೊದಲು ಬಾಗಿಲು ಹುಡುಕುತ್ತೇನೆ. ಅದನ್ನು ಬರೆಯುವುದಕ್ಕೆ ಯಾರಾದರೂ ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ನೀವೇ ಬರೆಯಬಹುದಾ? ಬರೆಯಿರಿ, ಆದರೆ ಅದನ್ನು ವಿಮರ್ಶೆ ಅನ್ನಬೇಡಿ. ನಿಮ್ಮ ಹೆಸರಿನಲ್ಲೇ ವರದಿ ಹಾಕಿ: ಯಾವ ಹಾಡು ಹಾಡಿದೆವು, ಯಾರು ಬಾರಿಸಿದರು, ಏನು ಕೆಟ್ಟಿತು, ಮುಂದಿನ ಸಲ ಏನು ಬದಲಾಗುತ್ತದೆ. ಬೇರೆ ಹೆಸರಿನಲ್ಲಿ ಖಾತೆ ತೆರೆದು ಗೂಗಲ್‌ನಲ್ಲಿ ಐದು ನಕ್ಷತ್ರ ಹಾಕುವ ಐಡಿಯಾ ಯಾರಾದರೂ ಕೊಟ್ಟರೆ ಬೇಡ ಅನ್ನಿ. ಕಾನೂನೂ ಇದೆ, ಗೆಳೆಯರ ವಲಯ ಚಿಕ್ಕದು ಅನ್ನುವುದೂ ಇದೆ. ಬರೆಯುವ ಶೈಲಿ ನೋಡಿಯೇ "ಇದು ನಮ್ಮ ಪ್ರಸಾದ್ ಬರೆದದ್ದು" ಅಂತ ಹೇಳಿಬಿಡುತ್ತಾರೆ. ರೀಲ್ಸ್ ಮಾಡುವವರಿಗೆ ದುಡ್ಡು ಅಥವಾ ಪುಕ್ಕಟೆ ಟೇಬಲ್ ಕೊಟ್ಟರೆ ಅದು ಜಾಹೀರಾತು. ಜಾಹೀರಾತು ಮಂಡಳಿ ಎಎಸ್‌ಸಿಐ 2021ರಲ್ಲೇ ಇದಕ್ಕೆ ನಿಯಮ ಮಾಡಿದೆ, ಅದನ್ನು ಪೋಸ್ಟ್‌ನಲ್ಲೇ ಕಾಣುವಂತೆ ಹೇಳಬೇಕು.

ವಿಮರ್ಶೆಗೆ ಇಬ್ಬರನ್ನು ಕರೆಯಿರಿ. ಒಬ್ಬರು ಕನ್ನಡ ಬಲ್ಲವರು, ಬ್ಯಾಂಡ್‌ನ ನೆಂಟರಲ್ಲ. ಇನ್ನೊಬ್ಬರು ಸಂಗೀತ ಗೊತ್ತಿರುವ ಮರಾಠಿ ಗೆಳೆಯರು ಯಾರಾದರೂ. ಮಾತು ಅರ್ಥವಾಗದ ಕಿವಿಗೆ ಡ್ರಮ್ಮರ್ ಲಯ ಬಿಟ್ಟು ಮುಂದೆ ಓಡುತ್ತಿದ್ದಾನಾ, ಗಿಟಾರ್ ಶ್ರುತಿ ತಪ್ಪಿದೆಯಾ ಅನ್ನುವುದು ಬೇಗ ಗೊತ್ತಾಗುತ್ತದೆ. ಪ್ರವೇಶ ಪುಕ್ಕಟೆ ಕೊಟ್ಟರೆ ಅವರೂ ಅದನ್ನು ಬರೆಯಲಿ. ಊಟದ ಬಿಲ್ ಅವರೇ ಕೊಡಲಿ. ಹಾಕುವ ಮೊದಲು ನಮಗೊಮ್ಮೆ ತೋರಿಸಿ ಅಂತ ಕೇಳಬೇಡಿ. ಹೆಸರಿನ ಕಾಗುಣಿತ ತಪ್ಪಿದ್ದರೆ ಆಮೇಲೆ ತಿದ್ದಿಸಿಕೊಳ್ಳಬಹುದು. ಕಟುವಾಗಿ ಬರೆದರೆ ಅದನ್ನೂ ನಿಮ್ಮ ಪೇಜ್‌ನಲ್ಲಿ ಹಂಚಿ, ಕೆಳಗೆ ಜಗಳಕ್ಕೆ ಇಳಿಯಬೇಡಿ. ಗಾಯಕರ ಅಮ್ಮ ಜಗಳಕ್ಕೆ ಇಳಿಯುತ್ತಾರೆ, ಅವರನ್ನು ತಡೆಯಲು ನನಗೂ ಉಪಾಯ ಗೊತ್ತಿಲ್ಲ.

ತಾರೀಖು ಗಟ್ಟಿಯಾದ ಮೇಲೆ ಕೆಳಗೆ ಬರೆಯಿರಿ. ಮುಲುಂಡ್, ಭಾಂಡುಪ್ ಕಡೆಯ ಗ್ರೂಪ್‌ಗಳಿಗೆ ನಾನು ತಲುಪಿಸುತ್ತೇನೆ. ಹಾಗೆ ಮಾಡಿದ ಮೇಲೆ ವಿಮರ್ಶೆ ಬರೆಯಲು ಬೇರೆಯವರನ್ನು ನೋಡಿಕೊಳ್ಳಿ.