ಮರುಭೂಮಿಯ ಚಾರಣದಲ್ಲಿ ಏರು ಕೊನೆಗೆ ಬರುತ್ತದೆ

ಪ್ರಶ್ನೆ: ನಾನು, ನನ್ನ ಹೆಂಡತಿ ಈಗ ಆಸ್ಟಿನ್‌ನಲ್ಲಿದ್ದೇವೆ. ಊರಲ್ಲಿದ್ದಾಗ ಕುಮಾರಪರ್ವತ ಮೂರು ಸಲ ಹತ್ತಿದ್ದೇವೆ. ನವೆಂಬರ್ ಕೊನೆಯ ರಜೆಯಲ್ಲಿ ಟೆಕ್ಸಸ್‌ನ ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನದ ಔಟರ್ ಮೌಂಟನ್ ಲೂಪ್ ಎಂಬ ಸುತ್ತುಹಾದಿಯ ಚಾರಣವನ್ನು ಮೂರು ದಿನದಲ್ಲಿ ಮುಗಿಸುವ ಆಸೆಯಿದೆ. ನಕ್ಷೆಯಲ್ಲಿ ತೊರೆ, ಒರತೆಗಳು ಕಾಣುತ್ತವೆ. ಫಿಲ್ಟರ್ ಒಯ್ದರೆ ತಲಾ ಮೂರು ಲೀಟರ್ ನೀರು ಸಾಕಲ್ಲವೇ ಸರ್? ಬೇರೆ ಏನು ತಯಾರಿ ಬೇಕು?

ಉತ್ತರ: ಸಾಲದು. ನಕ್ಷೆಯ ನೀಲಿ ಗೆರೆ ನಂಬಿ ಮರುಭೂಮಿಗೆ ಇಳಿಯಬೇಡಿ. ಬೂಟ್ ಸ್ಪ್ರಿಂಗ್‌ನಲ್ಲೋ ಫ್ರೆಸ್ನೋ ತೊರೆಯಲ್ಲೋ ಕೆಲವೊಮ್ಮೆ ನೀರಿರುತ್ತದೆ, ಕೆಲವೊಮ್ಮೆ ಬರೀ ಕಲ್ಲಿರುತ್ತದೆ. ಹೊರಡುವ ದಿನ ರೇಂಜರ್‌ಗಳನ್ನು ಕೇಳಿ. ನೀರಿದೆ ಎಂದು ಅವರು ಹೇಳಿದರೂ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕುಮಾರಪರ್ವತದಲ್ಲಿ ಸುಸ್ತಾದರೆ ಏನು ಮಾಡುತ್ತಿದ್ದಿರಿ? ತಿರುಗಿ ಇಳಿಯುತ್ತಿದ್ದಿರಿ. ಇಳಿಜಾರೇ ನಿಮ್ಮನ್ನು ಸುಬ್ರಹ್ಮಣ್ಯಕ್ಕೆ ತಂದು ಬಿಡುತ್ತಿತ್ತು. ಇಲ್ಲಿ ಎಲ್ಲ ಉಲ್ಟಾ. ಸುಮಾರು 5,400 ಅಡಿ ಎತ್ತರದ ಚೀಸೋಸ್ ಬೇಸಿನ್‌ನಲ್ಲಿ ಕಾರು ಬಿಟ್ಟು, ಓಕ್, ಪೈನ್ ಮರಗಳ ತಂಪಿನಲ್ಲಿ ಬೂಟ್ ಕ್ಯಾನ್ಯನ್‌ವರೆಗೆ ಹತ್ತುತ್ತೀರಿ. ಅಲ್ಲಿಂದ ಜುನಿಪರ್ ಕ್ಯಾನ್ಯನ್ ಹಿಡಿದು ಮರುಭೂಮಿಗೆ ಇಳಿಯುತ್ತೀರಿ. ಎರಡನೆಯ ದಿನ ಡಾಡ್ಸನ್ ಹಾದಿ: 11 ಮೈಲಿಗೂ ಹೆಚ್ಚು, ದಿಣ್ಣೆ-ಹಳ್ಳ, ತಲೆಗೆ ನೆರಳಿಲ್ಲ. ಮೂರನೆಯ ದಿನ, ಕಾಲು ಸೋತಿರುವಾಗ, ಬ್ಲೂ ಕ್ರೀಕ್ ಕಣಿವೆಯ ಎರಡು ಸಾವಿರ ಅಡಿಗೂ ಮೀರಿದ ಏರು. ಒಟ್ಟು ಸುಮಾರು 30 ಮೈಲಿ. ದಣಿಯುವ ಹೊತ್ತಿಗೆ ನಿಮಗೂ ಕಾರಿಗೂ ನಡುವೆ ಬೆಟ್ಟ ನಿಂತಿರುತ್ತದೆ. ನಿಮ್ಮ ತಯಾರಿಯೆಲ್ಲ ಈ ಒಂದು ಮಾತಿನಿಂದಲೇ ಶುರುವಾಗಬೇಕು.

ಉದ್ಯಾನದವರು ಹೇಳುವುದು ದಿನಕ್ಕೆ ತಲಾ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್. ನಾನು ನಾಲ್ಕು ಎಂದು ಹಿಡಿಯುತ್ತೇನೆ. ಮೊದಲ ಎರಡು ದಿನಕ್ಕೆ ಎಂಟು ಲೀಟರ್, ಅಂದರೆ ಬೆನ್ನಿಗೆ ಎಂಟು ಕಿಲೋ. ಹೆಗಲು ನೋಯುತ್ತದೆ, ನಿಜ. ಆದರೆ ಆ ಭಾರ ಹೊತ್ತು ಹತ್ತುವುದು ತಂಪಿನಲ್ಲಿ, ಮೈಯಲ್ಲಿ ಕಸುವಿರುವಾಗ. ಉಳಿದದ್ದನ್ನು ಹಿಂದಿನ ದಿನವೇ ಕಾರಿನಲ್ಲಿ ಹೋಗಿ ಡಾಡ್ಸನ್ ಹಾದಿ ಮುಗಿಯುವ ಕಡೆ ಇರುವ ಹೋಮರ್ ವಿಲ್ಸನ್ ರ‍್ಯಾಂಚ್ ಬಳಿಯ ಕರಡಿ ಪೆಟ್ಟಿಗೆಯಲ್ಲಿ (ಕರಡಿಗೆ ತೆರೆಯಲಾಗದ ಗಟ್ಟಿ ಪೆಟ್ಟಿಗೆ) ಇಟ್ಟು ಬನ್ನಿ: ಎರಡನೆಯ ರಾತ್ರಿಗೂ ಮೂರನೆಯ ದಿನಕ್ಕೂ ತಲಾ ಆರು ಲೀಟರ್. ಮೇಲೆ ಹೆಸರು, ತಾರೀಖು ಬರೆಯಿರಿ. ಖಾಲಿ ಕ್ಯಾನು ವಾಪಸ್ ತರುವುದು ನಿಮ್ಮದೇ ಹೊಣೆ.

ಕ್ಯಾನು ಗಟ್ಟಿಯದಿರಲಿ. ಒಮ್ಮೆ ನಾನು ಅಂಗಡಿಯ ತೆಳು ಪ್ಲಾಸ್ಟಿಕ್ ಜಗ್‌ಗಳನ್ನೇ ಇಟ್ಟು ಬಂದಿದ್ದೆ. ಎರಡನೆಯ ಸಂಜೆ ಪೆಟ್ಟಿಗೆಯ ಬಾಗಿಲು ತೆಗೆದರೆ ಒಂದು ಜಗ್ಗು ಒಳಸರಿದು ಚಪ್ಪಟೆಯಾಗಿತ್ತು, ತಳದಲ್ಲಿ ನೀರು ಒಣಗಿದ ಬಿಳಿ ಗುರುತು. ಇನ್ನೊಂದು ಉಳಿದಿದ್ದರಿಂದ ಬಚಾವಾದೆ. ಆ ಗುರುತು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಊಟಕ್ಕೆ ತೊಳೆಯುವ ಪಾತ್ರೆ ಬೇಡ. ತೆಳು ಅವಲಕ್ಕಿಗೆ ನಾಲ್ಕು ಚಮಚ ನೀರು ಚಿಮುಕಿಸಿ ಚಟ್ನಿಪುಡಿ ಕಲಸಿದರೆ ರಾತ್ರಿಯ ಊಟವಾಯಿತು. ಕಡಲೆಬೀಜ, ಬೆಲ್ಲ, ಉಪ್ಪಿನಕಾಯಿ ಇರಲಿ. ಉಪ್ಪು ಮುಖ್ಯ: ಬೆವರು ಸುರಿಸುತ್ತ ಬರೀ ನೀರನ್ನೇ ಕುಡಿಯುತ್ತ ಹೋದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ತಲೆನೋವು, ವಾಕರಿಕೆ ಬರುತ್ತದೆ. ನೀರು ಸಾಲದೆ ಹೀಗಾಯಿತೆಂದು ಮತ್ತಷ್ಟು ಕುಡಿದರೆ ಅಪಾಯ.

ಉದ್ದ ಪ್ಯಾಂಟು ಹಾಕಿ, ಚಿಮಟ ಮರೆಯಬೇಡಿ. ಡಾಡ್ಸನ್ ಹಾದಿಯಂಚಿಗೆ ಲೆಚುಗಿಯಾ ಎಂಬ ಗಿಡ ಒತ್ತೊತ್ತಾಗಿ ಬೆಳೆದಿರುತ್ತದೆ. ನಮ್ಮ ಕತ್ತಾಳೆಯ ಜಾತಿಯದೇ, ಮೊಣಕಾಲಿಗೂ ಬಾರದಷ್ಟು ಗಿಡ್ಡ. ಎಲೆಯ ತುದಿಯ ಮುಳ್ಳು ನೇರ ಕಣಕಾಲಿಗೆ ನಾಟುತ್ತದೆ. ಹಾದಿ ಮಸುಕಾದ ಕಡೆ ಕಲ್ಲುಗುಪ್ಪೆ ನೋಡಿಕೊಂಡು ನಡೆಯಿರಿ. ಸಂಜೆ ಆರರ ಹೊತ್ತಿಗೆ ಕತ್ತಲಾಗುತ್ತದೆ, ಐದಕ್ಕೆ ಮೊದಲೇ ಟೆಂಟು ಎದ್ದಿರಲಿ. ಬೆಂಕಿ ಹಾಕುವಂತಿಲ್ಲ.

ರಾತ್ರಿ ತಂಗಲು ಪರ್ಮಿಟ್ ಬೇಕು, ರಜೆಯ ವಾರದಲ್ಲಿ ಬೇಗ ಮುಗಿದುಹೋಗುತ್ತದೆ. ಬೇಸಿನ್‌ನಲ್ಲಿ ದೊಡ್ಡ ಕಾಮಗಾರಿಗಾಗಿ ದೀರ್ಘಕಾಲ ಮುಚ್ಚುವ ಯೋಜನೆಯಿರುವುದರಿಂದ, ನಿಮ್ಮ ದಿನಾಂಕಕ್ಕೆ ಅದು ತೆರೆದಿರುತ್ತದೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಮೊಬೈಲ್ ಸಿಗ್ನಲ್ ನೆಚ್ಚಬೇಡಿ. ಯಾವ ದಿನ, ಎಷ್ಟು ಗಂಟೆಯೊಳಗೆ ಫೋನ್ ಮಾಡದಿದ್ದರೆ ಉದ್ಯಾನಕ್ಕೆ ತಿಳಿಸಬೇಕೆಂದು ಆಸ್ಟಿನ್‌ನ ಗೆಳೆಯರೊಬ್ಬರಿಗೆ ಬರೆದುಕೊಡಿ.

ಕೊನೆಯದಾಗಿ, ಜುನಿಪರ್ ಕ್ಯಾನ್ಯನ್‌ಗೆ ಇಳಿಯುವ ಕವಲಿನಲ್ಲಿ ಬ್ಯಾಗ್ ಕೆಳಗಿಟ್ಟು ಕೂತುಕೊಳ್ಳಿ. ಬಾಟಲಿಗಳನ್ನು ಹೊರತೆಗೆದು ಎಣಿಸಿ. ಹೆಂಡತಿಯವರನ್ನು ಮೊಣಕಾಲು ಹೇಗಿದೆ ಎಂದು ಕೇಳಿ, ಅವರೂ ನಿಮ್ಮನ್ನು ಕೇಳಲಿ. ಸುಲಭವಾಗಿ ಹಿಂದಿರುಗಲು ಅದೇ ಕಡೆಯ ಜಾಗ. ತಲಾ ಆರು ಲೀಟರಿಗಿಂತ ಕಡಿಮೆ ಉಳಿದಿದ್ದರೆ, ಬಿಸಿಲು ಅಂದುಕೊಂಡದ್ದಕ್ಕಿಂತ ಜೋರಿದ್ದರೆ, ಇಬ್ಬರಲ್ಲಿ ಒಬ್ಬರಿಗೆ ಮನಸ್ಸು ಒಪ್ಪದಿದ್ದರೆ ಇಳಿಯಬೇಡಿ. ಬೆಟ್ಟದ ದಕ್ಷಿಣದಂಚಾದ ಸೌತ್ ರಿಮ್ ಕಡೆ ತಿರುಗಿ. ಅಂಚಿನಲ್ಲಿ ಕೂತರೆ ಕಾಲ ಕೆಳಗೆ ಇಡೀ ಮರುಭೂಮಿ, ಅದರಾಚೆ ಮೆಕ್ಸಿಕೋದ ಬೆಟ್ಟಸಾಲು ಕಾಣುತ್ತದೆ. ಅಲ್ಲಿಂದ ಕಾರಿನವರೆಗೆ ಹೆಚ್ಚುಪಾಲು ಇಳಿಜಾರೇ.