ವಾಪಸ್ ಹೋಗುವ ಲೆಕ್ಕ ಈಗಲೇ ಶುರು ಮಾಡಿ

ನಿಮ್ಮ ಪ್ರಶ್ನೆ ಓದಿದೆ. ಅಮೆರಿಕಕ್ಕೆ ಬಂದು ಆರು ತಿಂಗಳಾಗಿದೆ, ಎಚ್‌1ಬಿ ವೀಸಾ, ಐದು ವರ್ಷ ದುಡಿದು ಬೆಂಗಳೂರಿಗೆ ವಾಪಸ್ ಹೋಗುವ ಯೋಚನೆ. 401ಕೆಗೆ, ಅಂದರೆ ಕಂಪನಿ ಮೂಲಕ ನಡೆಯುವ ನಿವೃತ್ತಿ ಖಾತೆಗೆ, ದುಡ್ಡು ಹಾಕಬೇಕಾ, ಊರಲ್ಲಿ ಮ್ಯೂಚುವಲ್ ಫಂಡ್‌ಗೆ ತಿಂಗಳ ಕಂತು ಕಟ್ಟುವ ಎಸ್‌ಐಪಿ ಮುಂದುವರಿಸಬಹುದಾ, ವಾಪಸ್ ಹೋದ ಮೇಲೆ ಎರಡೂ ಕಡೆ ತೆರಿಗೆ ಕಟ್ಟಬೇಕಾ ಅಂತ ಕೇಳಿದ್ದೀರಿ. ನಾನು 2007ರಲ್ಲಿ ಬಂದವನು. 2016ರ ಆಗಸ್ಟ್‌ನಲ್ಲಿ ಇನ್ನು ಸಾಕು ಅಂತ ಗಂಟುಮೂಟೆ ಕಟ್ಟಿಕೊಂಡು ಹೋದವನು, ಕೆಲವು ವರ್ಷ ಅಲ್ಲಿದ್ದು ಮತ್ತೆ ನ್ಯೂಜೆರ್ಸಿಗೇ ಬಂದು ಕೂತವನು. ಹೋಗುವಾಗ ಮಾಡುವ ತಪ್ಪು, ಬರುವಾಗ ಮಾಡುವ ತಪ್ಪು ಎರಡನ್ನೂ ಮಾಡಿದ್ದೇನೆ.

ಮೊದಲು ನಿಮ್ಮ ಆ ಐದು ವರ್ಷದ ವಿಷಯ. ಅದು ಯಾಕೋ ಸರಿಯಾದ ಸಂಖ್ಯೆ ಅಲ್ಲ.

ಭಾರತಕ್ಕೆ ಹೋಗಿ ನೆಲೆಸಿದ ತಕ್ಷಣ ಇಲ್ಲಿನ ಆದಾಯಕ್ಕೆಲ್ಲ ಅಲ್ಲಿ ತೆರಿಗೆ ಬೀಳಬೇಕು ಅಂತಿಲ್ಲ. ನಡುವೆ ಆರ್‌ಎನ್‌ಓಆರ್ ಅಂತ ಒಂದು ಸ್ಥಿತಿ ಇದೆ. ನಿವಾಸಿ ಹೌದು, ಆದರೆ ಪೂರ್ತಿ ನಿವಾಸಿ ಅಲ್ಲ. ಆ ಅವಧಿಯಲ್ಲಿ ಹೊರಗೆ ಹುಟ್ಟಿ ಹೊರಗಿನ ಖಾತೆಗೇ ಬಂದ ಬಡ್ಡಿ, ಡಿವಿಡೆಂಡ್, ಷೇರಿನ ಲಾಭಕ್ಕೆ ಭಾರತ ತೆರಿಗೆ ಕೇಳುವುದಿಲ್ಲ. ಹಿಂದಿನ 10 ಹಣಕಾಸು ವರ್ಷಗಳಲ್ಲಿ 9 ವರ್ಷ ಅನಿವಾಸಿ ಆಗಿದ್ದರೆ, ಇಲ್ಲವೇ ಹಿಂದಿನ 7 ವರ್ಷಗಳಲ್ಲಿ ಭಾರತದಲ್ಲಿ ಕಳೆದ ದಿನಗಳು 729 ದಾಟದಿದ್ದರೆ ಇದು ಸಿಗುತ್ತದೆ. ಈಗ ನಿಮ್ಮದನ್ನು ಕೂಡಿಸಿ ನೋಡಿ. ಐದು ಪೂರ್ತಿ ಹಣಕಾಸು ವರ್ಷ ಇಲ್ಲಿದ್ದಿರಿ ಅಂತಿಟ್ಟುಕೊಳ್ಳಿ, ಆ ಏಳರಲ್ಲಿ ಉಳಿದ ಎರಡು ವರ್ಷ ಭಾರತದಲ್ಲಿ. 365 ಎರಡು ಸಲ, 730. ಒಂದು ದಿನ ಜಾಸ್ತಿ! ನಡುನಡುವೆ ರಜೆಗೆ ಹೋಗಿದ್ದು ಬೇರೆ. ಅಂದರೆ ವಿಮಾನ ಇಳಿದ ವರ್ಷವೇ ನೀವು ಪೂರ್ತಿ ನಿವಾಸಿ ಆಗಿಬಿಡಬಹುದು. ಇನ್ನೊಂದು ವರ್ಷ ಇದ್ದು ಹೋದರೆ ಎರಡು ವರ್ಷದ ಆರ್‌ಎನ್‌ಓಆರ್ ಸಿಗಬಹುದು, ತಾರೀಖು ಕೂಡಿ ಬಂದರೆ ಮೂರು.

ಇದಕ್ಕೆ ಇಷ್ಟು ಮಹತ್ವ ಯಾಕೆ ಅಂದರೆ, ಗ್ರೀನ್ ಕಾರ್ಡ್ ಇಲ್ಲದೆ ವಾಪಸ್ ಹೋದವರಿಗೆ, ಅಮೆರಿಕದ ತೆರಿಗೆ ನಿವಾಸ ಮುಗಿದ ಮೇಲೆ, ಇಲ್ಲಿನ ಷೇರು ಮಾರಿದ ಲಾಭಕ್ಕೆ ಅಮೆರಿಕ ಸಾಮಾನ್ಯವಾಗಿ ತೆರಿಗೆ ಹಾಕುವುದಿಲ್ಲ. ಇನ್ನು ಅಮೆರಿಕದ ತೆರಿಗೆ ನಿವಾಸಿ ಅಲ್ಲ ಅಂತ ತಿಳಿಸುವ ಡಬ್ಲ್ಯೂ-8ಬೆನ್ ಫಾರ್ಮ್ ಬ್ರೋಕರ್‌ಗೆ ಕೊಡಬೇಕು, ಡಿವಿಡೆಂಡ್‌ನಲ್ಲಿ ಮಾತ್ರ ಎರಡು ದೇಶಗಳ ತೆರಿಗೆ ಒಪ್ಪಂದದ ಪ್ರಕಾರ ಶೇ 25 ಹಿಡಿಯುತ್ತಾರೆ. ಅತ್ತ ಭಾರತದಲ್ಲಿ ಆರ್‌ಎನ್‌ಓಆರ್. ಹಾಗಾಗಿ ಆ ಕಿಟಕಿಯಲ್ಲಿ ಮಾರಿದರೆ ಎರಡೂ ಕಡೆ ತೆರಿಗೆ ಇಲ್ಲ, ಕಾನೂನಿನ ಪ್ರಕಾರವೇ ಇಲ್ಲ. ಕಂಪನಿ ಸಂಬಳದ ಜೊತೆ ಷೇರಿನ ರೂಪದಲ್ಲಿ ಕೊಡುವ ಆರ್‌ಎಸ್‌ಯು ವರ್ಷಗಟ್ಟಲೆ ಹಾಗೇ ಇಟ್ಟುಕೊಂಡವರಿಗೆ ಇದು ಸಣ್ಣ ಮೊತ್ತ ಅಲ್ಲ. ಒಂದೇ ಎಚ್ಚರ, ಮಾರಿದ ದುಡ್ಡು ಮೊದಲು ಇಲ್ಲಿನ ಖಾತೆಗೆ ಬರಲಿ, ಆಮೇಲೆ ಕಳಿಸಿಕೊಳ್ಳಿ. ಗ್ರೀನ್ ಕಾರ್ಡ್ ಬಂದಮೇಲೆ ಹೋದರೆ ಈ ಕಥೆಯೇ ಬೇರೆ, ಕಾರ್ಡನ್ನು ವಿಧಿಪ್ರಕಾರ ವಾಪಸ್ ಕೊಡುವವರೆಗೂ ಅಮೆರಿಕ ನಿಮ್ಮ ಜಗತ್ತಿನ ಎಲ್ಲ ಆದಾಯದ ಲೆಕ್ಕ ಕೇಳುತ್ತದೆ.

ನಾನು ಎಡವಿದ್ದು ಇಲ್ಲೇ. ಮೂರನೇ ವರ್ಷವೂ, ಅಂದರೆ 2018–19ರಲ್ಲೂ, ಆರ್‌ಎನ್‌ಓಆರ್ ಸಿಗುತ್ತದೆ ಅಂತ ಸುಮ್ನೆ ಅಂದಾಜಿನ ಮೇಲೆ ನಂಬಿಕೊಂಡು ಷೇರು ಮಾರಿದೆ. ರಿಟರ್ನ್ಸ್ ಹಾಕುವ ಹೊತ್ತಿಗೆ ಲೆಕ್ಕಪರಿಶೋಧಕರು ದಿನದ ಪಟ್ಟಿ ಕೊಡಿ ಅಂದರು. ಹಳೆಯ ಪಾಸ್‌ಪೋರ್ಟ್, ಹೊಸ ಪಾಸ್‌ಪೋರ್ಟ್ ಎರಡನ್ನೂ ಊಟದ ಮೇಜಿನ ಮೇಲೆ ಬಿಚ್ಚಿಟ್ಟು ಒಂದೊಂದೇ ಸೀಲು ಓದುತ್ತಾ ಕೂತೆ. 2013ರ ಒಂದು ಸೀಲಿನಲ್ಲಿ ಶಾಯಿ ಹರಡಿ ತಾರೀಖು 14ಓ 19ಓ ಗೊತ್ತಾಗಲಿಲ್ಲ. ಹೆಂಡತಿ ಹಳೆಯ ಇಮೇಲ್ ಕೆದಕಿ ಟಿಕೆಟ್ ಹುಡುಕಿಕೊಟ್ಟಳು. 14. ಅದು ನಾವು ಊರಿಗೆ ಬಂದಿಳಿದ ದಿನ, ಹಾಗಾಗಿ ಐದು ದಿನ ಜಾಸ್ತಿ ಆಯ್ತು. ಒಟ್ಟು 733. ನಾಲ್ಕು ದಿನಕ್ಕೆ ಕಟ್ಟಿದ ತೆರಿಗೆಯಲ್ಲಿ ಒಂದು ಒಳ್ಳೆಯ ಸ್ಕೂಟರ್ ಬರುತ್ತಿತ್ತು, ಇವತ್ತಿಗೂ ಹೆಂಡತಿ ಅದನ್ನು ಎತ್ತಿ ಆಡುತ್ತಾಳೆ. ನೀವು ಈಗಿನಿಂದಲೇ ಒಂದು ಹಾಳೆಯಲ್ಲಿ ಹೋದ ದಿನ, ಬಂದ ದಿನ ಬರೆದಿಡಿ. ಎರಡನ್ನೂ ಭಾರತದಲ್ಲಿದ್ದ ದಿನ ಅಂತಲೇ ಎಣಿಸಿ, ಅದು ಸೇಫ್.

ಎಸ್‌ಐಪಿ ಬಗ್ಗೆ ನೇರವಾಗಿ ಹೇಳುತ್ತೇನೆ, ನಿಲ್ಲಿಸಿ. ಭಾರತದ ಮ್ಯೂಚುವಲ್ ಫಂಡ್ ಅಮೆರಿಕದ ಕಣ್ಣಿಗೆ ಪಿಎಫ್‌ಐಸಿ, ಅಂದರೆ ಹೊರದೇಶದಲ್ಲಿ ಕೂತು ಹೂಡಿಕೆ ಮಾಡುವ ಕಂಪನಿ. ಸಾಮಾನ್ಯವಾಗಿ ಒಂದೊಂದು ಫಂಡ್‌ಗೂ ಬೇರೆಬೇರೆ ಫಾರ್ಮ್ 8621, ಮಾರಿದ ಲಾಭವನ್ನು ಹಿಂದಿನ ವರ್ಷಗಳಿಗೆ ಹಂಚಿ ಆಯಾ ವರ್ಷದ ಅತಿ ಹೆಚ್ಚಿನ ದರದಲ್ಲಿ ತೆರಿಗೆ, ಅದರ ಮೇಲೆ ಬಡ್ಡಿ. ನನ್ನ ಹತ್ತಿರ ಆರು ಫಂಡ್ ಇದ್ದವು, ಅವುಗಳಲ್ಲಿ ಬಂದ ಲಾಭಕ್ಕಿಂತ ಫಾರ್ಮ್ ತುಂಬಿಸಿದ ಖರ್ಚೇ ಜಾಸ್ತಿ. ಇದೇ ಥರ, ಅನಿವಾಸಿಗಳು ಹೊರಗಿನ ದುಡಿಮೆ ಇಡುವ ಎನ್‌ಆರ್‌ಇ ಖಾತೆಯ ಬಡ್ಡಿ. ಭಾರತದಲ್ಲಿ ತೆರಿಗೆ ಇಲ್ಲ ಅಂತ ಬ್ಯಾಂಕಿನವರು ಹೇಳುವುದು ನಿಜ, ಅಮೆರಿಕದಲ್ಲಿ ಇದೆ ಅನ್ನುವುದನ್ನು ಅವರು ಹೇಳುವುದಿಲ್ಲ, ಅವರಿಗೇನು. ಪಿಪಿಎಫ್ ಬಡ್ಡಿಗೂ ಇದೇ ಪಾಡು. ಊರಿನ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಎಫ್‌ಬಾರ್, ಅಂದರೆ ಹೊರದೇಶದ ಖಾತೆಗಳ ವರದಿ, ಅಮೆರಿಕ ಸರ್ಕಾರಕ್ಕೆ ಸಲ್ಲಿಸಬೇಕು. ಅಪ್ಪನ ಜೊತೆ ನಿಮ್ಮ ಹೆಸರೂ ಇರುವ ಜಂಟಿ ಖಾತೆ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ, ದುಡ್ಡು ಅಪ್ಪನದೇ ಆದರೂ.

401ಕೆ ಹಾಕಿ. ಕಂಪನಿ ಸರಿಸಮ ಹಾಕುವಷ್ಟಾದರೂ ಹಾಕಲೇಬೇಕು, ಅದು ಸಂಬಳದ ಭಾಗ, ಬಿಟ್ಟರೆ ನಿಮಗೇ ನಷ್ಟ. ವಾಪಸ್ ಹೋಗುವಾಗ ಗಾಬರಿಯಾಗಿ ಒಡೆಯಬೇಡಿ. ಐವತ್ತೊಂಬತ್ತೂವರೆ ವರ್ಷಕ್ಕೆ ಮುಂಚೆ ತೆಗೆದರೆ ತೆರಿಗೆಯ ಜೊತೆಗೆ ತೆಗೆದ ಮೊತ್ತದ ಶೇ 10 ದಂಡ. ಹಾಗೇ ಬಿಟ್ಟು ಹೋಗಬಹುದು. ಒಳಗೆ ಬೆಳೆಯುವ ದುಡ್ಡಿಗೆ ಪ್ರತಿವರ್ಷ ಭಾರತ ತೆರಿಗೆ ಕೇಳುತ್ತದೆ ಅನ್ನುವ ಭಯ ನನ್ನ ಕಾಲದಲ್ಲಿ ಇತ್ತು. 2021ರ ಹಣಕಾಸು ಕಾಯ್ದೆಯಲ್ಲಿ ಇದಕ್ಕೆ ಪರಿಹಾರ ಬಂತು. ಅಮೆರಿಕ, ಬ್ರಿಟನ್, ಕೆನಡಾದ ನಿವೃತ್ತಿ ಖಾತೆಗಳಿಗೆ ತೆಗೆಯುವಾಗ ಮಾತ್ರ ತೆರಿಗೆ ಕಟ್ಟುವ ಆಯ್ಕೆ ಇದೆ, ಆದರೆ ಫಾರ್ಮ್ ಸಲ್ಲಿಸಿ ಕೇಳಿಕೊಳ್ಳಬೇಕು, ತಾನಾಗೇ ಸಿಗುವುದಿಲ್ಲ. ಮತ್ತೆ, ಪೂರ್ತಿ ನಿವಾಸಿ ಆದ ಮೇಲೆ ಈ 401ಕೆ, ಇಲ್ಲಿ ಮರೆತುಹೋದ ಬ್ಯಾಂಕ್ ಖಾತೆ, ಬ್ರೋಕರ್ ಖಾತೆ ಎಲ್ಲವನ್ನೂ ರಿಟರ್ನ್ಸ್‌ನ ಷೆಡ್ಯೂಲ್ ಎಫ್‌ಎ ಅನ್ನುವಲ್ಲಿ ತೋರಿಸಬೇಕು. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡ. 2024ರ ಅಕ್ಟೋಬರ್‌ನಿಂದ, ಮನೆ ಜಮೀನು ಬಿಟ್ಟು ಒಟ್ಟು 20 ಲಕ್ಷದವರೆಗಿನ ಆಸ್ತಿಗೆ ಆ ದಂಡ ಇಲ್ಲ, ಆದರೂ ತೋರಿಸುವುದು ತಪ್ಪುವುದಿಲ್ಲ.

ಎರಡೂ ಕಡೆ ತೆರಿಗೆ ಅನ್ನುವ ಪ್ರಶ್ನೆಗೆ, ಇಲ್ಲ, ಒಂದು ಕಡೆ ಕಟ್ಟಿದ್ದಕ್ಕೆ ಇನ್ನೊಂದು ಕಡೆ ಕಡಿತ ಸಿಗುತ್ತದೆ. ತಲೆನೋವು ಬೇರೆ, ಇಲ್ಲಿ ವರ್ಷ ಜನವರಿಗೆ ಶುರು, ಅಲ್ಲಿ ಏಪ್ರಿಲ್‌ಗೆ. ಹಾಗಾಗಿ ಒಂದೇ ವರ್ಷದ ತೆರಿಗೆಯನ್ನು ಎರಡು ತುಂಡು ಮಾಡಿ ತೋರಿಸಬೇಕಾಗುತ್ತದೆ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಯಾರೂ ಕೇಳುವುದಿಲ್ಲ. ವಾಪಸ್ ಹೋದವರು ಅಮೆರಿಕದ ಷೇರು ಹಾಗೇ ಇಟ್ಟುಕೊಂಡು ತೀರಿಹೋದರೆ, 60,000 ಡಾಲರ್ ಮೀರಿದ ಮೊತ್ತಕ್ಕೆ ಇಲ್ಲಿ ಎಸ್ಟೇಟ್ ತೆರಿಗೆ ಇದೆ, ಶೇ 40ರವರೆಗೂ ಹೋಗುತ್ತದೆ. ಭಾರತದ ಜೊತೆ ಇದಕ್ಕೆ ಒಪ್ಪಂದವೂ ಇಲ್ಲ. ನಾವು 1985ರಲ್ಲೇ ಇಂಥ ತೆರಿಗೆ ತೆಗೆದುಹಾಕಿದ್ದರಿಂದ ನಮ್ಮವರಿಗೆ ಅದರ ನೆನಪೇ ಇಲ್ಲ. ಕಿಟಕಿ ತೆರೆದಿರುವಾಗಲೇ ಮಾರಿ ಅಂತ ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಅಂದಹಾಗೆ, ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಓ, ಅಂದರೆ ಅನಿವಾಸಿಗಳ ಸಾಮಾನ್ಯ ಖಾತೆ, ಮಾಡಿಸಿದಿರಾ? ಇಲ್ಲಿ ಕೆಲಸಕ್ಕೆ ಅಂತ ಬಂದ ಮೇಲೆ ಹಳೆಯ ಖಾತೆಯನ್ನು ಹಾಗೇ ನಡೆಸುವಂತಿಲ್ಲ. ಈ ವಾರ ಬ್ಯಾಂಕಿಗೆ ಬರೆದುಬಿಡಿ, ಉಳಿದದ್ದು ನಿಧಾನವಾಗಿ ಮಾಡಿದರಾಯ್ತು.